ಸಹಿಮನೆ

ಹೊಂಬೆಳಕು ಕಟ್ಟಡದಲ್ಲಿ ತೊಂಬತ್ತಾರು ಮನೆಗಳಿದ್ದವು. ತೊಂಬತ್ತೈದು ಬಾಗಿಲುಗಳಿಗೆ ನಂಬರಿತ್ತು. ಮೊದಲ ಮಹಡಿಯ ಪೂರ್ವದ ಮೂಲೆಯ ಬಾಗಿಲಿಗೆ ಮಾತ್ರ ನಂಬರಿನ ಬದಲು ‘ಸಹಿಮನೆ’ ಎಂಬ ಹಿತ್ತಾಳೆಯ ಫಲಕ. ಸಂಜೆ ಕೆಲಸದಿಂದ ಮರಳುವವರು ಗೇಟಿನಲ್ಲೇ ಒಮ್ಮೆ ಕತ್ತೆತ್ತಿ ಆ ಮನೆಯ ಕಿಟಕಿ ನೋಡುತ್ತಿದ್ದರು. ದೀಪ ಹತ್ತಿದ್ದರೆ ನಿಶ್ಚಿಂತೆಯಿಂದ ಲಿಫ್ಟಿನ ಕಡೆ ನಡೆಯುತ್ತಿದ್ದರು.

ಆ ಮನೆಯಲ್ಲಿದ್ದವರು ಕಸ್ತೂರಿ ನವಲಗುಂದ. ವಯಸ್ಸು ಐವತ್ತೆಂಟು. ಕಟ್ಟಡದ ಜನಕ್ಕೆಲ್ಲ ಅವರು ‘ಸಹಿ ಅಕ್ಕಾರು’. ಮೂವತ್ತು ವರ್ಷಗಳ ಹಿಂದೆ, ಯಂತ್ರಗಳೇ ಕಟ್ಟಡದ ನಕ್ಷೆ ಬರೆದು, ಯಂತ್ರಗಳೇ ಅದನ್ನು ನಿಯಮಕ್ಕೆ ಹೋಲಿಸಿ ನೋಡಿ, ಯಂತ್ರಗಳೇ ಮಂಜೂರು ಮಾಡತೊಡಗಿದ ಹೊಸದರಲ್ಲಿ, ದೂರದ ಒಂದು ಊರಿನಲ್ಲಿ ಒಂಬತ್ತು ಅಂತಸ್ತಿನ ಕಟ್ಟಡ ಕುಸಿದಿತ್ತು. ತಪ್ಪು ಯಾರದು ಎಂದು ನ್ಯಾಯಾಲಯ ಆರು ವರ್ಷ ಹುಡುಕಿತು. ನಕ್ಷೆ ಬರೆದದ್ದು ಯಂತ್ರ ಎಂದರು ಕಟ್ಟಿದವರು. ನಮ್ಮ ಕರಾರಿನಲ್ಲಿ ಹೊಣೆಯ ಮಾತಿಲ್ಲ ಎಂದರು ಯಂತ್ರ ಮಾರಿದವರು. ನಾನು ಕಡತ ಏರಿಸಿದೆ ಅಷ್ಟೇ ಎಂದ ಎಂಜಿನಿಯರು. ಸತ್ತವರ ಹೆಸರುಗಳೆಲ್ಲ ಸಿಕ್ಕವು, ಹೊಣೆಗಾರನ ಹೆಸರು ಒಂದೂ ಸಿಗಲಿಲ್ಲ.

ಆಮೇಲೆ ಬಂದದ್ದು ವಾಸಹೊಣೆ ಕಾಯ್ದೆ. ನಕ್ಷೆಯನ್ನು ಯಾರು ಬರೆದರೂ, ಯಾವ ಯಂತ್ರ ತಪಾಸಣೆ ಮಾಡಿದರೂ, ‘ಇದು ನಿಯಮಕ್ಕೆ ಸರಿಯಾಗಿದೆ’ ಎಂದು ಒಬ್ಬ ಮನುಷ್ಯ ಸಹಿ ಹಾಕಬೇಕು. ಹಾಗೆ ಸಹಿ ಹಾಕಿದವರು ಮೊದಲ ಮೂರು ವರ್ಷ ಸಂಸಾರ ಸಮೇತ ಅದೇ ಕಟ್ಟಡದಲ್ಲಿರಬೇಕು. ಅದೂ ಇಷ್ಟಬಂದ ಮನೆಯಲ್ಲಲ್ಲ. ಲೆಕ್ಕದ ಪ್ರಕಾರ ಯಾವ ಕಂಬದ ಮೇಲೆ ಅತಿ ಹೆಚ್ಚು ಭಾರವೋ ಆ ಕಂಬಕ್ಕೆ ಹತ್ತಿದ ಮನೆಯಲ್ಲಿ. ಮೂರು ವರ್ಷ ಕಳೆದ ಮೇಲೆ ಹೊಣೆ ನಿವಾಸಿಗಳ ಸಂಘಕ್ಕೆ ದಾಟುತ್ತದೆ.

ಕಾಯ್ದೆ ಬರೆದವರು ಸಹಿ ಹಾಕುವವರ ಸಂಸಾರದ ಬಗ್ಗೆ ಹೆಚ್ಚು ಯೋಚಿಸಿದಂತಿರಲಿಲ್ಲ. ಹೊಂಬೆಳಕು ಕಸ್ತೂರಿಯವರ ಐದನೆಯ ಕಟ್ಟಡ. ಮಗಳು ರೋಹಿಣಿ ಓದು ಮುಗಿಸುವಷ್ಟರಲ್ಲಿ ನಾಲ್ಕು ಶಾಲೆ ಬದಲಿಸಿದ್ದಳು. ಗಂಡ ಚನ್ನವೀರಪ್ಪ ಟೇಲರ್. ಹೊಲಿಗೆ ಯಂತ್ರ ಹೊತ್ತು ಹೊಸ ಓಣಿಗೆ ಹೋಗಿ, ಅಲ್ಲಿಯ ಜನರ ಅಳತೆ ಕೈಗೆ ಹತ್ತುವ ಹೊತ್ತಿಗೆ ಮತ್ತೆ ಗಂಟು ಕಟ್ಟುವುದು ಅವರಿಗೂ ರೂಢಿಯಾಗಿತ್ತು. ಒಮ್ಮೆ ಮದುವೆಗೆಂದು ಮನೆಮಂದಿಯೆಲ್ಲ ನಾಲ್ಕು ದಿನ ಗದಗಿಗೆ ಹೋಗಿದ್ದಾಗ, ‘ಸಹಿಯವರು ಮನಿ ಬಿಟ್ಟಾರಂತ’ ಎಂಬ ಸುದ್ದಿ ಹಬ್ಬಿ ಅರ್ಧ ಕಟ್ಟಡ ನೆಂಟರ ಮನೆ ಸೇರಿತ್ತು. ಅಂದಿನಿಂದ ಕಸ್ತೂರಿ ಪರ ಊರಿಗೆ ಹೋಗಬೇಕಾದರೆ ಗಂಡನನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದರು.

ಈಗ ಮೂರು ವರ್ಷಕ್ಕೆ ಉಳಿದದ್ದು ಐವತ್ತೊಂದು ದಿನ. ಇದೇ ಕೊನೆಯ ಸಹಿ ಎಂದು ಅವರು ಮೊದಲೇ ನಿಶ್ಚಯಿಸಿದ್ದರು. ರೋಹಿಣಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು, ಎಂಟು ತಿಂಗಳು ತುಂಬಿತ್ತು.

ಮೇ ತಿಂಗಳ ಒಂದು ಮಧ್ಯಾಹ್ನ ನಾಲ್ಕನೆಯ ಮಹಡಿಯ ಮೆಹರುನ್ನಿಸಾ ಒಂದು ತಟ್ಟೆಯ ಮೇಲೆ ಬಟ್ಟೆ ಮುಚ್ಚಿಕೊಂಡು ಬಂದರು. ಮದುವೆ ಮನೆಗಳಿಗೆ ಸಿಹಿ ಮಾಡಿಕೊಡುವುದು ಅವರ ಕಸುಬು. ಹಾಲು ಕಾಯಿಸಿ ಹೊಯ್ದು ಹೆಪ್ಪುಗಟ್ಟಿಸುವ ಅವರ ಚೈನಾಗ್ರಾಸಿಗೆ ಹುಬ್ಬಳ್ಳಿಯಲ್ಲೆಲ್ಲ ಹೆಸರಿತ್ತು.

“ಬಸುರಿ ಹುಡುಗಿಗೆ ಬಾಯಿ ರುಚಿ ಆಗಲಂತ ತಂದೀನಿ. ಚೂರುಗಳು ಸಮ ಇಲ್ಲ, ನಗಬ್ಯಾಡ್ರಿ ಮತ್ತ.”

ತಟ್ಟೆಯಲ್ಲಿದ್ದ ಹಾಲುಬಣ್ಣದ ಚೂರುಗಳಲ್ಲಿ ಕೆಲವು ದಪ್ಪ, ಕೆಲವು ತೆಳು.

“ಯಾಕ, ಕೈ ಅವಸರ ಮಾಡ್ತೇನು?” ಎಂದು ಕಸ್ತೂರಿ ನಕ್ಕರು.

“ನನ್ನ ಕೈ ಅಲ್ರಿ ಅಕ್ಕಾರ, ಅಡಗಿಮನಿ ಕಟ್ಟಿ. ಮೊದಲ ಇದ ಕಟ್ಟಿ ಮ್ಯಾಲ, ಇದ ಪರಾತಕ್ಕ ಹೊಯ್ತಿದ್ದೆ. ಅಂಚಿಂದ ಅಂಚಿಗೆ ಗಾಜಿನಂಗ ಸಮ ಕೂಡ್ತಿತ್ತು. ಈ ನಾಕೈದು ತಿಂಗಳಿಂದ ಒಂದ್ ಬದಿ ದಪ್ಪ, ಒಂದ್ ಬದಿ ತೆಳ್ಳಗ. ಮೊನ್ನೆ ಪರಾತದ ಬುಡಕ್ಕ ಪೇಪರ್ ಮಡಿಚಿ ಇಟ್ಟೆ, ಆಗ ಸರಿ ಆತು.”

“ಎಷ್ಟು ಮಡಿಕಿ?”

ಮೆಹರುನ್ನಿಸಾ ಅಚ್ಚರಿಯಿಂದ ನೋಡಿದರು. “ಯಾರಿಗ್ಗೊತ್ರಿ! ಬೆಂಕಿಪೊಟ್ಟಣದ ಅರ್ಧ ದಪ್ಪ ಇದ್ದೀತು.”

ಅವರು ಹೋದ ಮೇಲೆ ಕಸ್ತೂರಿ ಮುಂದಿನ ಕೋಣೆಯ ಗೋಡೆಗಿದ್ದ ಪರದೆಯ ಮುಂದೆ ಕುಳಿತರು. ಹೊಸ ಕಟ್ಟಡಗಳ ಪ್ರತಿ ಕಂಬದ ಒಡಲಲ್ಲೂ ಕೂದಲೆಳೆಯಂಥ ಗಾಜಿನ ತಂತು ಇರುತ್ತದೆ. ಅದಕ್ಕೆ ‘ನರ’ ಎನ್ನುತ್ತಾರೆ. ಕಂಬ ಒಂದಿಷ್ಟು ಕುಗ್ಗಿದರೂ ಬಾಗಿದರೂ ನರದೊಳಗೆ ಹರಿಯುವ ಬೆಳಕು ಬದಲಾಗುತ್ತದೆ. ಆ ಲೆಕ್ಕ ಸಹಿಮನೆಯ ಪರದೆಗೂ ನಗರದ ನಿಗಾ ಕೇಂದ್ರಕ್ಕೂ ಹೋಗುತ್ತದೆ. ಹೊಂಬೆಳಕಿನ ಇಪ್ಪತ್ನಾಲ್ಕು ಕಂಬಗಳೂ ಪರದೆಯ ಮೇಲೆ ಹಸಿರಾಗಿದ್ದವು. ಮೆಹರುನ್ನಿಸಾ ಅವರ ಅಡುಗೆಮನೆಯ ಮೂಲೆಯದು ಹದಿನಾಲ್ಕನೆಯ ಕಂಬ. ಅದೂ ಹಸಿರು.

ಕಸ್ತೂರಿ ಅದರ ಹಿಂದಿನ ದಿನಗಳನ್ನು ಒಂದೊಂದಾಗಿ ತೆಗೆದು ನೋಡಿದರು. ಬಿಸಿಲೇರಿದಂತೆ ಕಂಬಗಳೆಲ್ಲ ಸ್ವಲ್ಪ ಹಿಗ್ಗುತ್ತವೆ, ನಸುಕಿಗೆ ಕುಗ್ಗುತ್ತವೆ. ಒಂದೊಂದು ಕಂಬದ್ದೂ ಒಂದೊಂದು ಬಗೆ. ಹದಿನಾಲ್ಕನೆಯದಕ್ಕೆ ತನ್ನದೆಂಬ ಬಗೆಯೇ ಇರಲಿಲ್ಲ. ಅವರು ಒಂದು ಚೀಟಿಯ ಮೇಲೆ ಹದಿಮೂರರ ಅಂಕಿ, ಹದಿನೈದರ ಅಂಕಿ ಬರೆದು, ಕೂಡಿಸಿ, ಅರ್ಧ ಮಾಡಿದರು. ಬಂದ ಉತ್ತರ ಹದಿನಾಲ್ಕರ ಅಂಕಿಯೇ. ಹಿಂದಿನ ದಿನದ್ದೂ ಹಾಗೇ. ಕಳೆದ ತಿಂಗಳಿನದೂ ಹಾಗೇ.

ಅವರು ಚೀಟಿಯನ್ನು ಮಡಿಚಿ ಕೈಚೀಲದಲ್ಲಿಟ್ಟುಕೊಂಡರು.

ಮರುದಿನ ಬೆಳಿಗ್ಗೆ ಅವರು ನಿಗಾ ಕೇಂದ್ರಕ್ಕೆ ಹೋದರು. ಅಲ್ಲಿಯ ಮುಖ್ಯಾಧಿಕಾರಿ ಪ್ರಹ್ಲಾದ ಕಟ್ಟಿ. ಕಸ್ತೂರಿಯವರಿಗಿಂತ ಹತ್ತು ವರ್ಷ ಚಿಕ್ಕವರು, ಮೆಲುದನಿಯ ಮನುಷ್ಯ. ಸಾವಿರದ ನೂರು ಕಟ್ಟಡಗಳ ನರಗಳೆಲ್ಲ ಬಂದು ಸೇರುವ ಆ ದೊಡ್ಡ ಕೋಣೆಯಲ್ಲಿ ಕೆಲಸ ಮಾಡುವವರು ನಾಲ್ಕೇ ಜನ. ಗೋಡೆ ತುಂಬ ಹಸಿರು ಚುಕ್ಕೆಗಳು.

ಕಸ್ತೂರಿ ಚೀಟಿ ತೋರಿಸಿದರು. ಕಟ್ಟಿ ಸ್ವಲ್ಪ ಹೊತ್ತು ಕೀಲಿಗಳನ್ನು ಒತ್ತಿ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು.

“ಆ ನರ ಸತ್ತದ ಕಸ್ತೂರಿಬಾಯಾರ. ಹದಿನಾಲ್ಕು ತಿಂಗಳಾತು.”

“ಸತ್ತದ್ದಕ್ಕ ಹಸಿರು ಯಾಕ ತೋರಿಸ್ತೀರಿ?”

“ನಿಯಮ ಹಂಗ ಅದ. ನರ ಕೆಟ್ರ ಅಕ್ಕಪಕ್ಕದ ಎರಡು ಕಂಬದ ಸರಾಸರಿ ಹಾಕಬಹುದು. ಮೂವತ್ತು ದಿನದ ಮಟ್ಟಿಗೆ.”

“ಹದಿನಾಲ್ಕು ತಿಂಗಳಂದ್ರ ಮೂವತ್ತು ದಿನ ಆತೇನ್ರೀ?”

ಕಟ್ಟಿ ಪರದೆಯನ್ನು ಅವರ ಕಡೆಗೆ ತಿರುಗಿಸಿದರು. “ತಿಂಗಳಿಗೊಮ್ಮೆ ಯಂತ್ರ ವರದಿ ಮುಚ್ಚಿ ಹೊಸಾದು ತೆಗೀತದ. ಹೊಸ ವರದಿಯೊಳಗ ನರ ಇವತ್ತ ಕೆಟ್ಟಂಗ ಎಣಿಸ್ತದ. ಮತ್ತ ಮೂವತ್ತು ದಿನ. ಕಾಯ್ದೆ ಪ್ರಕಾರ ಇದು ತಪ್ಪಲ್ಲ.” ಅವರ ದನಿ ಇನ್ನಷ್ಟು ತಗ್ಗಿತು. “ಇದು ನನಗ ಇವತ್ತ ಗೊತ್ತಾತು. ನೀವು ಕೂಡಿಸಿ ಭಾಗಿಸಿ ನೋಡಿದ್ರಿ. ನಾನು ಹಸಿರು ನೋಡಿ ಮುಂದ ಹೋಗಿದ್ದೆ.”

ಕಸ್ತೂರಿ ಬಸ್ಸಿನಲ್ಲಿ ಮರಳುವಾಗ ಯಮನೂರಪ್ಪನಿಗೆ ಫೋನು ಮಾಡಿದರು. ಅವರ ಮೊದಲ ಕಟ್ಟಡದ ಕಾಲದ ಗೌಂಡಿ. ಈಗ ಗಾರೆ ಹಾಕುವುದೂ ಯಂತ್ರವೇ ಆದದ್ದರಿಂದ ಅವನ ಕೆಲಸ ಹಳೆಯ ಗುಡಿ, ಹಳೆಯ ಮಠಗಳ ದುರಸ್ತಿಗೆ ನಿಂತಿತ್ತು. ಅವನು ಹೆಗಲ ಮೇಲೆ ಸುರುಳಿ ಸುತ್ತಿದ ಪಾರದರ್ಶಕ ಪೈಪು ಹಾಕಿಕೊಂಡು ಬಂದ. ಒಳಗೆ ನೀರು ತುಂಬಿ ಎರಡು ತುದಿ ಎತ್ತಿ ಹಿಡಿದರೆ, ಎಷ್ಟೇ ದೂರವಿದ್ದರೂ ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಗೌಂಡಿಗಳ ಹಳೆಯ ಉಪಾಯ.

ಕಟ್ಟುವಾಗ ಪ್ರತಿ ಕಂಬಕ್ಕೂ ನೆಲದಿಂದ ಸಮ ಎತ್ತರದಲ್ಲಿ ಒಂದೊಂದು ಹಿತ್ತಾಳೆಯ ಮೊಳೆ ಹೊಡೆದಿದ್ದರು. ಗಾಡಿ ನಿಲ್ಲಿಸುವ ನೆಲಮಾಳಿಗೆಯಲ್ಲಿ ಇಬ್ಬರೂ ಕಂಬದಿಂದ ಕಂಬಕ್ಕೆ ನಡೆದರು. ಹನ್ನೆರಡು ಸಮ. ಹದಿಮೂರು ಸಮ, ಎರಡು ಮಿಲಿಮೀಟರ್ ಹೆಚ್ಚುಕಡಿಮೆ. ಹದಿನಾಲ್ಕರ ಹತ್ತಿರ ಯಮನೂರಪ್ಪ ಪೈಪನ್ನು ಎರಡೆರಡು ಸಲ ಎತ್ತಿ ಹಿಡಿದು ನೋಡಿದ.

“ಏನಾತೋ ಯಮನೂರಪ್ಪ?”

“ನೀವ ಬಂದು ನೋಡ್ರಿ ಅಕ್ಕಾರ. ನನ್ನ ಕಣ್ಣಿಗೆ ವಯಸ್ಸಾತು ಅಂತ ಅನ್ನಕೊಳ್ಳಾಕ ಮನಸ್ಸೈತಿ.”

ಮೊಳೆ ನೀರಿನ ಮಟ್ಟಕ್ಕಿಂತ ಇಪ್ಪತ್ತೆಂಟು ಮಿಲಿಮೀಟರ್ ಕೆಳಗಿತ್ತು. ನಿಯಮದ ಮಿತಿ ಹನ್ನೆರಡು. ಮೂರು ಸಲ ಅಳೆದರು, ಮೂರು ಸಲವೂ ಅಷ್ಟೇ.

ಕಂಬ ಇಳಿದಿದೆ ಎಂದರೆ ಅದರ ಕೆಳಗಿನ ನೆಲ ಲೆಕ್ಕದ ನೆಲವಲ್ಲ. ಕಸ್ತೂರಿ ಮನೆಗೆ ಬಂದು ಮೂರು ವರ್ಷದ ಹಿಂದಿನ ನಕ್ಷೆಯ ಕಡತ ತೆಗೆದರು. ಹುಬ್ಬಳ್ಳಿಯ ಸೀಮೆಯದು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಾಯಿ ಬಿಡುತ್ತದೆ. ಅದನ್ನು ದಾಟಿ ಗಟ್ಟಿ ಮೊರಂ, ಅಂದರೆ ಕಲ್ಲುಮಣ್ಣಿನ ಪದರ, ಸಿಗುವವರೆಗೆ ಬುನಾದಿ ಇಳಿಯಬೇಕು. ಮೊರಂ ಎಷ್ಟು ಆಳದಲ್ಲಿದೆ ಎಂದು ತಿಳಿಯಲು ನಿವೇಶನದ ಮೂರು ಕಡೆ ಭೂಮಿ ಕೊರೆದು ಮಣ್ಣು ತೆಗೆದು ನೋಡುತ್ತಾರೆ. ಮುನ್ನೂರ ಹನ್ನೆರಡನೆಯ ಪುಟದಲ್ಲಿ ಆ ವಿವರವಿತ್ತು. ಮೊದಲ ಕೊರೆತ, ಆರು ಮೀಟರು. ಎರಡನೆಯದು, ಆರೂಕಾಲು. ಮೂರನೆಯದರ ಮುಂದೆ ಆರು ಪಾಯಿಂಟ್ ಒಂದು ಎಂದು ಬರೆದು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಅಂದಾಜು’ ಎಂದಿತ್ತು.

ಮೂರನೆಯ ಜಾಗ ಕೊರೆದೇ ಇರಲಿಲ್ಲ. ಆಗ ಅಲ್ಲಿ ಇನ್ನೊಬ್ಬರ ಶೆಡ್ಡು ಇತ್ತು. ಜಾಗ ಕೈಗೆ ಸಿಗದಿದ್ದಲ್ಲಿ ಉಳಿದೆರಡರಿಂದ ಅಂದಾಜು ಮಾಡಬಹುದೆಂದು ನಿಯಮವೇ ಹೇಳುತ್ತಿತ್ತು. ಯಂತ್ರ ಅಂದಾಜು ಮಾಡಿತು, ತಪಾಸಣೆಯ ಯಂತ್ರ ಒಪ್ಪಿತು. ಹದಿನಾಲ್ಕನೆಯ ಕಂಬ ನಿಂತಿದ್ದು ಆ ಮೂರನೆಯ ಜಾಗದ ಮೇಲೆ.

ಕಸ್ತೂರಿಗೆ ಆ ದಿನ ನೆನಪಿತ್ತು. ಆ ಸಾಲನ್ನು ಅವರು ಓದಿದ್ದರು. ಓದಿ, ಬೆರಳು ಅಲ್ಲೇ ಇಟ್ಟುಕೊಂಡು, ‘ಶೆಡ್ಡು ತೆಗೆಸಿ ಒಮ್ಮೆ ಕೊರೆದು ನೋಡಬಹುದಿತ್ತಲ್ಲ’ ಎಂದುಕೊಂಡಿದ್ದರು. ಎದುರಿಗೆ ಕಟ್ಟಡ ಕಟ್ಟಿಸಿದ ಕಂಪನಿಯವರು ಹಾರ, ಧಾರವಾಡ ಪೇಡೆಯ ಪೆಟ್ಟಿಗೆ ಇಟ್ಟುಕೊಂಡು ಕುಳಿತಿದ್ದರು. ಪುಟದ ತುದಿಯಲ್ಲಿ ಹಸಿರು ಗುರುತಿತ್ತು. ಅವರು ಪುಟ ತಿರುವಿದ್ದರು.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು. ಸಹಿಮನೆ ಇದ್ದದ್ದು ಆರನೆಯ ಕಂಬದ ಪಕ್ಕ. ಅದರ ಬುನಾದಿ ಮೊದಲ ಕೊರೆತದ ಮೇಲೆ, ಗಟ್ಟಿ ಮೊರಂನಲ್ಲಿ ಬೇರೂರಿ ನಿಂತಿತ್ತು. ಅಪಾಯದ ಬಾಯಲ್ಲಿ ಸಹಿಗಾರರನ್ನು ಕೂರಿಸಲೆಂದು ಮಾಡಿದ ಕಾಯ್ದೆ ಕಸ್ತೂರಿಯವರನ್ನು ಇಡೀ ಕಟ್ಟಡದ ಅತಿ ಭದ್ರವಾದ ಮನೆಯಲ್ಲಿ ಕೂರಿಸಿತ್ತು. ಕಿಟಕಿಯ ದೀಪ ನೋಡಿ ನಿಶ್ಚಿಂತೆಯಿಂದ ಮೇಲೆ ಹೋಗುತ್ತಿದ್ದವರಲ್ಲಿ ಹನ್ನೆರಡು ಮನೆಯವರು ಹದಿನಾಲ್ಕನೆಯ ಕಂಬದ ಸಾಲಿನಲ್ಲಿದ್ದರು.

ಎರಡು ದಿನದಲ್ಲಿ ಕಂಪನಿಯ ವಕೀಲರು ಬಂದರು. ಅಳತೆಯ ವಿಷಯವನ್ನು ಕಸ್ತೂರಿಯೇ ಅವರಿಗೆ ಬರೆದು ತಿಳಿಸಿದ್ದರು. ವಕೀಲರು ಬಿರುಸಾಗಿ ಮಾತಾಡುವವರಲ್ಲ. ಚಹಾ ಕುಡಿದು, ರೋಹಿಣಿಯ ಆರೋಗ್ಯ ವಿಚಾರಿಸಿ, ಆಮೇಲೆ ಹೇಳಿದರು.

“ನೋಡ್ರಿ ಮೇಡಮ್, ನಕ್ಷೆ ನಿಯಮದ ಪ್ರಕಾರ ಐತಿ. ನರದ ಲೆಕ್ಕನೂ ನಿಯಮದ ಪ್ರಕಾರ ಐತಿ. ನೀವು ಪೈಪಿನಿಂದ ಅಳದದ್ದಕ್ಕ ಕಾಯ್ದೆಯೊಳಗ ಜಾಗಾನ ಇಲ್ಲ. ನೀವು ಸುಮ್ಮನಿದ್ರ ನಿಮ್ಮ ಮ್ಯಾಲ ಒಂದು ಚುಕ್ಕೀನೂ ಬರಂಗಿಲ್ಲ. ಐವತ್ತು ದಿನ ಕಳೀಲಿ, ಹೊಣೆ ಸಂಘಕ್ಕ ಹೋಗ್ತದ. ಆಮ್ಯಾಲೆ ಅವರು ಪರೀಕ್ಷೆ ಮಾಡಿಸ್ಲಿ, ದುರಸ್ತಿ ಮಾಡಿಸ್ಲಿ. ಅದ ನೀವು ಈಗ ಸಹಿ ಹಿಂತಗೊಂಡ್ರ ಏನಾಗ್ತದ? ಎಲ್ಲಾರೂ ಮನಿ ಖಾಲಿ ಮಾಡಬೇಕು. ತಪ್ಪು ನಂದು ಅಂತ ನೀವ ಒಪ್ಪಿದಂಗ. ಬ್ಯಾರೆ ಯಾರ ಹೆಸರೂ ಬರಂಗಿಲ್ಲ.”

“ಈ ಐವತ್ತು ದಿನದಾಗ ಮಳಿ ಶುರುವಾಗ್ತದಲ್ರೀ,” ಎಂದರು ಕಸ್ತೂರಿ. “ನೀರು ಕುಡದ್ರ ಎರಿ ಉಬ್ಬತೈತಿ. ಒಂದ್ ಕಂಬ ಇಳದು, ಬಾಜೂದ್ದು ಎದ್ರ?”

“ಆಗಬಹುದು, ಆಗದೇನೂ ಇರಬಹುದು. ನಿಮಗ ಖಾತ್ರಿ ಐತೇನು?”

ಇರಲಿಲ್ಲ. ಅದನ್ನೇ ಕಸ್ತೂರಿ ಹೇಳಿದರು. ವಕೀಲರು ಕೈಮುಗಿದು ಎದ್ದರು.

ಒಳಗಿನ ಕೋಣೆಯಿಂದ ರೋಹಿಣಿ ಎಲ್ಲವನ್ನೂ ಕೇಳಿದ್ದಳು. ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ಬಂದು ತಾಯಿಯ ಎದುರು ಕುಳಿತಳು.

“ಅವ್ವಾ, ಒಂದ್ ಮಾತು. ನಾನು ಸಣ್ಣಾಕಿದ್ದಾಗಿಂದ ನಿನ್ನ ಸಹಿ ಹಿಂದ ತಿರುಗೀನಿ. ಒಂದ್ ಗೆಳತೀನೂ ಮೂರು ವರ್ಷದ ಮ್ಯಾಲ ಉಳೀಲಿಲ್ಲ ನನಗ. ಈಗ ಕೂಸು ಬರೂ ಹೊತ್ತಿಗೆ ಮತ್ತ ಗಂಟು ಕಟ್ಟಂತೀ ಏನು?”

ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ ಚನ್ನವೀರಪ್ಪ ಕಾಲು ನಿಲ್ಲಿಸಿದರು. ಅವರು ಹೆಂಡತಿಯ ಕೆಲಸದಲ್ಲಿ ಎಂದೂ ಬಾಯಿ ಹಾಕಿದವರಲ್ಲ.

“ತಂಗೀ, ಮೆಹರುನ್ನಿಸಾನ ಸೊಸಿಗೆ ಎಷ್ಟನೇ ತಿಂಗಳು?” ಎಂದು ಮಗಳನ್ನು ಕೇಳಿದರು.

ರೋಹಿಣಿ ತಂದೆಯ ಮುಖ ನೋಡಿದಳು. “ಏಳು,” ಎಂದಳು. ಆಮೇಲೆ, “ನನ್ನ ಬಟ್ಟಿ ನಾನ ಮಡಚ್ಕೋತೀನಿ. ಭಾರ ಎತ್ತೂದು ಮಾತ್ರ ನೀವು ನೋಡ್ರಿ,” ಎಂದು ಎದ್ದು ಒಳಗೆ ಹೋದಳು.

ಸಹಿ ಹಿಂತೆಗೆಯುವುದಕ್ಕೆ ದೊಡ್ಡ ವಿಧಿಯೇನಿಲ್ಲ. ಪರದೆಯ ಮೇಲೆ ಹೆಸರು ಬರೆದು, ಹೆಬ್ಬೆರಳು ಒತ್ತಿ, ಕಾರಣ ಬರೆಯಬೇಕು. ಕಾರಣದ ಜಾಗದಲ್ಲಿ ಕಸ್ತೂರಿ, ‘ಮೂರನೆಯ ಜಾಗ ಕೊರೆದಿರಲಿಲ್ಲ. ನನಗೆ ಗೊತ್ತಿತ್ತು’ ಎಂದು ಬರೆದರು. ಆ ಕ್ಷಣದಿಂದ ಕಾಯ್ದೆಯ ಪ್ರಕಾರ ಏಳು ದಿನದೊಳಗೆ ಕಟ್ಟಡ ಖಾಲಿಯಾಗಬೇಕು. ಸೂಚನೆ ಎಲ್ಲರ ಫೋನಿಗೂ ತಾನಾಗಿ ಹೋಗುತ್ತಿತ್ತು. ಆದರೆ ಅವರು ಮೊದಲು ಬಾಗಿಲು ಬಾಗಿಲಿಗೆ ಹೋಗಿ ಹೇಳಿ ಬಂದು, ಆಮೇಲೆ ಹೆಬ್ಬೆರಳು ಒತ್ತಿದರು. ತೊಂಬತ್ತೈದು ಬಾಗಿಲಿಗೆ ಒಂದೂವರೆ ದಿನ ಹಿಡಿಯಿತು.

ಹೆಚ್ಚಿನವರು ದಂಗಾಗಿ ನಿಂತರು. ಹನ್ನೊಂದನೆಯ ಮಹಡಿಯ ಒಬ್ಬರು, “ನಿಮ್ಮ ದೀಪ ನೋಡಿ ಮಲಗತಿದ್ವಿ, ಮೂರು ವರ್ಷ!” ಎಂದು ಮುಖಕ್ಕೆ ಬಾಗಿಲು ಹಾಕಿದರು. ಮೆಹರುನ್ನಿಸಾ ಮನೆಯಲ್ಲಿ ಸಿಹಿ ಕಾಯಿಸುವ ದೊಡ್ಡ ಪಾತ್ರೆ ಒಲೆಯ ಮೇಲಿತ್ತು. ಅವರು ಎಲ್ಲ ಕೇಳಿಸಿಕೊಂಡು ಒಲೆ ಆರಿಸಿದರು.

“ನಿಮ್ಮ ಮನಿ ಕೆಳಗ ಗಟ್ಟಿ ಐತಿ ಅಂದ್ರಿ?”

“ಹೌದು.”

“ಅಂದಮ್ಯಾಲ ನಿಮಗೇನ ಹೆದರಿಕಿ ಇರಲಿಲ್ಲ.”

“ಇರಲಿಲ್ಲ.”

ಮೆಹರುನ್ನಿಸಾ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು. “ಸಿಟ್ಟು ಬಂದೈತ್ರಿ ಅಕ್ಕಾರ, ಸುಳ್ಳ ಹೇಳಂಗಿಲ್ಲ. ಈ ಮನೀಗೆ ನಾನು ಏನೇನ ಹಾಕೀನಿ ಅಂತ ನನಗ ಗೊತ್ತು. ಸಿಟ್ಟು ಇಳಿಯೂತನ ನಿಮ್ಮ ಜೋಡಿ ಮಾತಾಡಂಗಿಲ್ಲ. ಇಳದಮ್ಯಾಲ ನಾನ ಬರ್ತೀನಿ,” ಎಂದರು.

ಮುಚ್ಚಿಹೋದ ಒಂದು ಹತ್ತಿ ಗಿರಣಿಯ ಆವರಣದಲ್ಲಿ ನಗರದವರು ತಾತ್ಕಾಲಿಕ ಮನೆಗಳನ್ನು ಕೊಟ್ಟರು. ಗೋಡೆ ಎಂದರೆ ಹಲಗೆ, ಪಕ್ಕದ ಮನೆಯ ಕೆಮ್ಮು ಈ ಮನೆಗೆ ಕೇಳಿಸುತ್ತಿತ್ತು. ರೋಹಿಣಿಗೆ ಹೆಣ್ಣು ಕೂಸು ಹುಟ್ಟಿದ್ದು ಅಲ್ಲಿರುವಾಗಲೇ. ಆಸ್ಪತ್ರೆಯಿಂದ ಕೂಸು ಬಂದ ಮೂರನೆಯ ದಿನ ಮೆಹರುನ್ನಿಸಾ ಬಾಣಂತಿಗೆಂದು ಅಂಟಿನುಂಡೆ ಕಟ್ಟಿಕೊಂಡು ಬಂದರು. ಕಸ್ತೂರಿಯವರ ಕಡೆ ನೋಡದೆ ಕೂಸನ್ನು ಎತ್ತಿಕೊಂಡು ಬಹಳ ಹೊತ್ತು ಆಡಿಸಿದರು. ಹೋಗುವಾಗ ಬಾಗಿಲಲ್ಲಿ ನಿಂತು, “ಮುಕ್ಕಾಲು ಇಳದೈತಿ,” ಎಂದರು.

ಹದಿನಾಲ್ಕನೆಯ ಕಂಬದ ಸುತ್ತ ಕೊರೆದಾಗ ಗಟ್ಟಿ ಮೊರಂ ಸಿಕ್ಕಿದ್ದು ಹತ್ತೂವರೆ ಮೀಟರಿನಲ್ಲಿ. ನಡುವೆ ಬರೀ ಎರೆ, ಹಸಿ ಬೆಣ್ಣೆಯಂಥ ಕಪ್ಪು ಮಣ್ಣು. ಕಂಪನಿಯವರು ಮಾತಿಲ್ಲದೆ ದುರಸ್ತಿಗೆ ಒಪ್ಪಿದರು. ಕಂಬದ ಸುತ್ತ ಹೊಸ ಬುನಾದಿ ಇಳಿಸಿ, ಒತ್ತುಯಂತ್ರಗಳಿಂದ ದಿನಕ್ಕೆ ಕೂದಲೆಳೆಯಷ್ಟು ಮೇಲೆತ್ತಿ, ಏಳು ತಿಂಗಳಲ್ಲಿ ಅದನ್ನು ಸಮಕ್ಕೆ ತಂದರು. ದುರಸ್ತಿ ಆಗದಿದ್ದರೆ ಏನಾಗುತ್ತಿತ್ತು ಎಂದು ಯಾರೂ ಖಚಿತವಾಗಿ ಹೇಳಲಿಲ್ಲ. ಇಪ್ಪತ್ತು ವರ್ಷ ನಿಲ್ಲುತ್ತಿತ್ತು ಎಂದರು ಒಬ್ಬರು, ಆ ಮಳೆಗಾಲವನ್ನೇ ದಾಟುತ್ತಿರಲಿಲ್ಲ ಎಂದರು ಇನ್ನೊಬ್ಬರು.

ವಿಚಾರಣೆ ಒಂದೇ ದಿನದಲ್ಲಿ ಮುಗಿಯಿತು. ವಿಚಾರಣಾಧಿಕಾರಿ ಒಬ್ಬ ಹೆಂಗಸು, ಕಡತವನ್ನು ಅಕ್ಷರ ಬಿಡದೆ ಓದಿಕೊಂಡು ಬಂದಿದ್ದರು.

“ನಕ್ಷೆ ನಿಯಮಕ್ಕೆ ಸರಿಯಾಗಿತ್ತು ಎಂದು ಎಲ್ಲರೂ ಹೇಳುತ್ತಿದ್ದಾರೆ. ನೀವು ಏನು ಹೇಳುತ್ತೀರಿ?” ಎಂದು ಕೇಳಿದರು.

“ಸರಿಯಾಗೇ ಇತ್ತು ಮೇಡಮ್.”

“ಹಾಗಾದರೆ ನಿಮ್ಮ ತಪ್ಪೇನು?”

“ಓದಿದಾಗ ನನಗ ಅನುಮಾನ ಬಂದಿತ್ರಿ. ಕೇಳಲಿಲ್ಲ. ಮಂದಿ ಕಾಯಾಕ್ಹತ್ಯಾರಂತ ನಾಚಿಕಿ ಆತು.”

ಅಧಿಕಾರಿ ಬಹಳ ಹೊತ್ತು ಏನನ್ನೋ ಬರೆದರು. ಯಾರೂ ನಿಯಮ ಮುರಿದಿಲ್ಲ ಎಂದೇ ತೀರ್ಪು ಬಂತು. ಆದರೂ ಅನುಮಾನವಿದ್ದೂ ಸಹಿ ಹಾಕಿದ್ದಕ್ಕಾಗಿ ಕಸ್ತೂರಿಯವರ ಸಹಿಯ ಅಧಿಕಾರ ಶಾಶ್ವತವಾಗಿ ಹೋಯಿತು. ತಾವಾಗಿ ಹೇಳಿದ್ದರಿಂದ ಬೇರೆ ಶಿಕ್ಷೆ ಇಲ್ಲ. ಕೊನೆಗೆ ಎರಡು ಸಾಲಿನ ಆದೇಶವೊಂದಿತ್ತು: ಇನ್ನು ಮುಂದೆ ನರದ ಲೆಕ್ಕದಲ್ಲಾಗಲಿ, ನಕ್ಷೆಯಲ್ಲಾಗಲಿ ಅಂದಾಜಿನ ಅಂಕಿಯನ್ನು ಹಸಿರಿನಲ್ಲಿ ತೋರಿಸಕೂಡದು; ಬೂದು ಬಣ್ಣದಲ್ಲಿ ತೋರಿಸಬೇಕು.

ಮರುವಾರ ನಿಗಾ ಕೇಂದ್ರದ ಗೋಡೆಯ ಮೇಲೆ ನಾನೂರಕ್ಕೂ ಹೆಚ್ಚು ಚುಕ್ಕೆಗಳು ಬೂದಾದವು. ಪ್ರಹ್ಲಾದ ಕಟ್ಟಿ ಅವುಗಳ ಎದುರು ನಿಂತೇ ಇದ್ದರಂತೆ, ಊಟದ ಹೊತ್ತು ಮೀರುವವರೆಗೆ.

ದುರಸ್ತಿ ಮುಗಿದರೂ ಜನ ಹೊಂಬೆಳಕಿಗೆ ಮರಳುವಂತಿರಲಿಲ್ಲ. ಹೊಸ ಸಹಿ ಬೇಕಿತ್ತು. ಒಮ್ಮೆ ಸಹಿ ಹಿಂತೆಗೆದ ಕಟ್ಟಡಕ್ಕೆ ಸಂಸಾರ ಕರೆದುಕೊಂಡು ಬರಲು ಯಾವ ಸಹಿಗಾರರೂ ಒಪ್ಪಲಿಲ್ಲ. ಸಂಘದವರು ಹದಿನೇಳು ಜನರನ್ನು ಕೇಳಿದರು. ಒಬ್ಬರ ಹೆಂಡತಿಗೆ ಇಷ್ಟವಿಲ್ಲ, ಇನ್ನೊಬ್ಬರಿಗೆ ಆರೋಗ್ಯವಿಲ್ಲ. ಎರಡು ತಿಂಗಳು ಹೀಗೇ ಕಳೆಯಿತು. ಹಲಗೆಯ ಮನೆಗಳಲ್ಲಿ ಜನ ಒಬ್ಬರ ಮೇಲೊಬ್ಬರು ರೇಗತೊಡಗಿದರು.

ಒಂದು ಭಾನುವಾರ ಬೆಳಿಗ್ಗೆ ಕಟ್ಟಿ ಗಿರಣಿಯ ಆವರಣಕ್ಕೆ ಬಂದರು. ಜೊತೆಗೆ ಅವರ ಹೆಂಡತಿ ಸುಧಾ.

“ನನ್ನ ಕಡೆ ಸಹಿ ಅಧಿಕಾರ ಅದ ಬಾಯಾರ, ಹಳೇದು. ಒಮ್ಮೆನೂ ಬಳಸಿಲ್ಲ,” ಎಂದರು. “ನೌಕರಿಗೆ ರಾಜೀನಾಮೆ ಕೊಟ್ಟು ಬಂದೇನಿ. ಕಾಯ್ದೆ ನನಗ ಏನೂ ಹೊಣೆ ಹಚ್ಚಲಿಲ್ಲ. ಹಚ್ಚಿದ್ದರ ನಿದ್ದಿ ಬರ್ತಿತ್ತೋ ಏನೋ.”

ಸುಧಾ ನಕ್ಕರು. “ತಿಂಗಳಗಟ್ಟಲೆ ಇವರು ಹೊರಳಾಡೋದು ನೋಡಿ ಸಾಕಾಗಿ ಹೋಗೇದ. ನಡೀರಿ, ಅಲ್ಲೇ ಇರೋಣ ಅಂದೆ.”

“ಸಹಿಮನಿ ಭದ್ರ ಐತ್ರಿ, ಚಿಂತಿಲ್ಲ,” ಎಂದರು ಕಸ್ತೂರಿ.

“ಅದು ಬ್ಯಾಡ,” ಎಂದರು ಸುಧಾ. “ನಗರದವರ ಒಪ್ಪಿಗಿ ತಗೊಂಡೇ ಬಂದೇವಿ, ಹದಿನಾಲ್ಕನೇ ಕಂಬದ ಸಾಲಿನೊಳಗ ಒಂದು ಮನಿ ಕೊಡ್ರಿ. ಅಡಗಿಮನಿ ಅದರ ಪಕ್ಕಕ್ಕ ಇರಲಿ. ಅಲ್ಲಿಯವರು ಬೇಕಾದ್ರ ಸಹಿಮನಿಗೆ ಹೋಗಲಿ.”

ಕಟ್ಟಿ ನಕ್ಷೆ ಓದಲು ಒಂಬತ್ತು ದಿನ ತೆಗೆದುಕೊಂಡರು. ಪುಟಕ್ಕೊಮ್ಮೆ ಕಸ್ತೂರಿಯವರನ್ನು ಕೇಳುತ್ತಿದ್ದರು. ಸಹಿಯ ಅಧಿಕಾರವಿಲ್ಲದ ಕಸ್ತೂರಿ ಪಕ್ಕದಲ್ಲಿ ಕುಳಿತು, ಗೊತ್ತಿದ್ದದ್ದನ್ನು ಗೊತ್ತು ಎಂದೂ, ಇಲ್ಲದ್ದನ್ನು ಇಲ್ಲ ಎಂದೂ ಹೇಳುತ್ತಿದ್ದರು. ಹತ್ತನೆಯ ದಿನ ಸಹಿ ಎಂದು ಸುದ್ದಿಯಾಯಿತು. ಆ ಬೆಳಿಗ್ಗೆ ಹೊಂಬೆಳಕಿನ ಗೇಟಿನ ಹೊರಗೆ ಟೆಂಪೋಗಳು ಸಾಲುಗಟ್ಟಿ ನಿಂತವು. ಹಾಸಿಗೆ ಸುರುಳಿ, ಫ್ರಿಜ್ಜು, ತುಳಸಿ ಕುಂಡ, ಮೆಹರುನ್ನಿಸಾ ಅವರ ಪರಾತಗಳು ಎಲ್ಲ ಗಾಡಿಗಳ ಮೇಲೆ.

ಕಾವಲುಗಾರನ ಕೋಣೆಯಲ್ಲಿ ಮೇಜು ಹಾಕಿದ್ದರು. ಕಟ್ಟಿ ಕೊನೆಯ ಪುಟಗಳನ್ನು ತಿರುವುತ್ತಾ ಒಂದು ಕಡೆ ನಿಂತರು. ಮೇಲ್ಛಾವಣಿಯ ನೀರಿನ ಟಾಕಿಯ ಪುಟ. ಟಾಕಿಯ ಆಧಾರದ ತೊಲೆಗಳ ಬಲದ ಮುಂದೆ ಬೂದು ಬಣ್ಣದ ಅಂಕಿಯಿತ್ತು.

“ಇದನ್ನ ಅಳದಾರೇನು ಬಾಯಾರ?”

ಕಸ್ತೂರಿ ಬಗ್ಗಿ ನೋಡಿದರು. “ಇಲ್ರಿ. ಬಾಜೂ ಟಾಕಿದು ಅಳದದ್ದು ನೆನಪೈತಿ. ಇದು ಅದರ ಮ್ಯಾಲಿಂದ ಅಂದಾಜು ಹಾಕಿದ್ದು.”

“ಸರಿ ಇರಬಹುದು.”

“ಇರಬಹುದು,” ಎಂದರು ಕಸ್ತೂರಿ.

ಕಿಟಕಿಯಾಚೆ ಹಾರನ್ ಹೊಡೆಯುತ್ತಿದ್ದರು. ಕಟ್ಟಿ ಪೆನ್ನಿನ ಮುಚ್ಚಳ ಹಾಕಿದರು. ಅವರ ಕಿವಿ ಕೆಂಪಾಗಿತ್ತು. ಹೊರಗೆ ಬಂದು, ತಮ್ಮ ಮೆಲುದನಿಯಲ್ಲೇ, ಒಂದು ಅಳತೆ ಬಾಕಿ ಇದೆ, ಎರಡು ದಿನವಾದರೂ ಬೇಕು, ಈವತ್ತು ಸಹಿ ಆಗುವುದಿಲ್ಲ ಎಂದು ಹೇಳಿದರು.

ಗುಂಪಿನಲ್ಲಿ ಗೊಣಗಾಟ ಎದ್ದಿತು. “ಮತ್ತ ಹಲಗಿ ಮನಿಗೇನ್ರೀ?” ಎಂದು ಯಾರೋ ಕೂಗಿದರು. ಕಸ್ತೂರಿ ಬಾಗಿಲಲ್ಲಿ ನಿಂತು ಜನರ ಮುಖಗಳನ್ನು ನೋಡುತ್ತಿದ್ದರು. ಟೆಂಪೋದಲ್ಲಿ ಡ್ರೈವರನ ಪಕ್ಕ, ಸೊಸೆಯ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಮೆಹರುನ್ನಿಸಾ ಕೂಸನ್ನು ಸೊಸೆಯ ಕೈಗೆ ಕೊಟ್ಟು ಕೆಳಗಿಳಿದರು. ಗೇಟಿನವರೆಗೆ ಬಂದು ಕಟ್ಟಿಯವರನ್ನೊಮ್ಮೆ, ಅವರ ಹಿಂದೆ ನಿಂತ ಕಸ್ತೂರಿಯವರನ್ನೊಮ್ಮೆ ನೋಡಿದರು.

“ಅಳೀರಿ,” ಎಂದರು.

ಆಮೇಲೆ ಗಾಡಿಯ ಕಡೆ ತಿರುಗಿ, ಮಗನಿಗೆ ಹಗ್ಗ ಬಿಚ್ಚಲು ಹೇಳಿ, ಒಲೆಯನ್ನೂ ದೊಡ್ಡ ಪಾತ್ರೆಯನ್ನೂ ಅಲ್ಲೇ ಬೇವಿನ ಮರದ ನೆರಳಿಗೆ ಇಳಿಸಿ, ಬಂದವರಿಗೆಲ್ಲ ಚಹಾಕ್ಕೆ ನೀರಿಟ್ಟರು.